ಗೋಧಿ ಬಿಯರ್‌ಗೆ ಬಾಳೆಹಣ್ಣಿನ ಘಮ ಎಲ್ಲಿಂದ?

ಪ್ರಶ್ನೆ: ಬೆಂಗಳೂರಿನ ಮೈಕ್ರೋಬ್ರೂವರಿಯೊಂದರಲ್ಲಿ ಕುಡಿದ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣಿನ ಪರಿಮಳವಿತ್ತು. ಎಸೆನ್ಸ್ ಹಾಕುತ್ತಾರೆಯೇ? ನಿಮಗೆ ಇಷ್ಟವಾದ ಬಿಯರ್ ಯಾವುದು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಎಸೆನ್ಸ್ ಬೇಕಾಗಿಯೇ ಇಲ್ಲ, ಅದು ಯೀಸ್ಟ್‌ನ ಕೆಲಸ. ಜರ್ಮನಿಯ ಬವೇರಿಯಾ ಶೈಲಿಯ ಗೋಧಿ ಬಿಯರ್ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್ (ಹಣ್ಣಿನ ಘಮ ಕೊಡುವ ರಾಸಾಯನಿಕ) ಹುಟ್ಟುತ್ತದೆ. ಮಾಗಿದ ಬಾಳೆಹಣ್ಣಿನ ಪರಿಮಳಕ್ಕೂ ಮುಖ್ಯ ಕಾರಣ ಅದೇ. ಜೊತೆಗೆ ಲವಂಗದ ಘಮವೂ ಬಂದಿದ್ದರೆ ಅದನ್ನು ಕೊಟ್ಟದ್ದೂ ಆ ಯೀಸ್ಟೇ. ಚಿಕ್ಕಮಗಳೂರಿನ ನನ್ನ ತೋಟದಲ್ಲಿ ಪಲ್ಪ್ ಮಾಡಿದ (ಹಣ್ಣಿನ ಸಿಪ್ಪೆ ತೆಗೆದ) ಅರೇಬಿಕಾ ಕಾಫಿ ಬೀಜವನ್ನು ತೊಟ್ಟಿಯಲ್ಲಿ ಹುದುಗಿಸುತ್ತೇನೆ. ಹೊತ್ತು ಮೀರಿದರೆ ಇಡೀ ವರ್ಷದ ಶ್ರಮಕ್ಕೆ ಹುಳಿ ವಾಸನೆ ಹತ್ತುತ್ತದೆ. ಹಾಗಾಗಿ ಹುದುಗನ್ನು ಹದವಾಗಿ ನಡೆಸುವವರ ಮೇಲೆ ನನಗೆ ಬಹಳ ಗೌರವ.

ಗೋಧಿ ಬಿಯರ್‌ಗಳಲ್ಲಿ ನನಗೆ ಆರ್ಬರ್‌ನ ಬ್ಯಾಂಗಲೋರ್ ಬ್ಲಿಸ್ ಪ್ರಿಯ. ಅಮೆರಿಕದ ಮಿಷಿಗನ್‌ನಲ್ಲಿ ಬೇರಿರುವ ಈ ಬ್ರೂವರಿ 2012ರಲ್ಲಿ ಬೆಂಗಳೂರಿಗೆ ಬಂತು. ಅವರದೇ ರೇಜಿಂಗ್ ಎಲಿಫೆಂಟ್ ಹಾಪ್ಸ್ ಹೂವಿನ ಕಹಿ ತುಂಬಿದ ಐಪಿಎ (ಇಂಡಿಯಾ ಪೇಲ್ ಏಲ್ ಎಂಬ ಬಗೆಯ ಬಿಯರ್), ಮೊದಲ ಸಲಕ್ಕೆ ಬೇಡ. ಇಂದಿರಾನಗರದ ಬ್ರೂವರಿ ಟಾಯ್ಟ್‌ನ ಬಾಸ್ಮತಿ ಬ್ಲಾಂಡ್ ಹಗುರ. ಅಕ್ಕಿ ಸೇರಿದರೆ ಬಿಯರ್‌ನ ಮೈ ತೆಳುವಾಗುತ್ತದೆ, ಬೇಸಿಗೆಗೆ ಅದೇ ಚೆಂದ.

ನಮ್ಮ ಕಡೆಯವರು ಸ್ಟೌಟ್ ಎಂಬ ಕಪ್ಪು ಬಿಯರ್ ಅನ್ನು ತಪ್ಪದೆ ಸವಿಯಬೇಕು. ಕಾಫಿ ಹಾಕದಿದ್ದರೂ ಕಪ್ಪಾಗಿ ಹುರಿದ ಬಾರ್ಲಿಯಿಂದ ಹುರಿದ ಕಾಫಿಯ ಘಮವೇ ಬರುತ್ತದೆ. ತೀರಾ ತಣ್ಣಗೆ ಮಾತ್ರ ಕುಡಿಯಬೇಡಿ, ಘಮ ಮುಚ್ಚಿಹೋಗುತ್ತದೆ. ಮತ್ತೆ, ಕಾರಿನ ಕೀಲಿ ಯಾರ ಕೈಯಲ್ಲಿದೆಯೋ ಅವರು ಕುಡಿಯದಿರಲಿ.