ಇಟಲಿಯ ಬೊಲೊನ್ಯಾದಲ್ಲಿ ಎರಡು ದಿನ ಇರುತ್ತೇವೆ. ಒಳ್ಳೆಯ ಸ್ಪಗೆಟಿ ಬೊಲೊನೀಸ್ ಎಲ್ಲಿ ಸಿಗುತ್ತದೆ? ಹೆಂಡತಿ ಸಸ್ಯಾಹಾರಿ.

ನಾನೂ ಇದೇ ಪ್ರಶ್ನೆ ಹೊತ್ತು ಆ ಊರಿಗೆ ಹೋದವನೇ. ಆದ್ದರಿಂದ ನೇರವಾಗಿ ಹೇಳುತ್ತೇನೆ: ಸ್ಪಗೆಟಿ ಬೊಲೊನೀಸ್ ಆಸೆ ಬಿಡಿ. ಅಲ್ಲಿನವರು ರಗೂ, ಅಂದರೆ ಮಾಂಸದ ಸಾಸು, ಹಾಕಿಕೊಳ್ಳುವುದು ತಾಲ್ಯಾತೆಲ್ಲೆಗೆ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕದಲ್ಲಿ ಕಲಸಿ, ತೆಳ್ಳಗೆ ಲಟ್ಟಿಸಿ, ಪಟ್ಟಿಪಟ್ಟಿಯಾಗಿ ಕತ್ತರಿಸಿದ ಪಾಸ್ತಾ ಅದು. ಬೆಂದ ಮೇಲೆ ಪಟ್ಟಿ 8 ಮಿಲಿಮೀಟರ್ ಅಗಲವಿರಬೇಕು ಎಂದು 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದಾರೆ, ರಗೂ ಮಾಡುವ ವಿಧಾನವನ್ನು 1982ರಲ್ಲಿ. ಅತಿಯಾಯಿತು ಅನ್ನಿಸಬಹುದು. ಆದರೆ ಮೊಟ್ಟೆ ಹಾಕಿದ ಪಟ್ಟಿಯ ಒರಟು ಮೈಗೆ ರಗೂ ಅಂಟಿಕೊಳ್ಳುತ್ತದೆ, ನುಣುಪು ಸ್ಪಗೆಟಿಯಿಂದ ಜಾರಿ ತಟ್ಟೆಯ ತಳ ಸೇರುತ್ತದೆ.

ಪ್ರವಾಸಿಗರು ಎಡವುವುದು ಹೋಟೆಲ್ ಆಯ್ಕೆಯಲ್ಲಲ್ಲ, ಹೊತ್ತಿನಲ್ಲಿ. ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆವರೆಗೆ. ಆಮೇಲೆ ಬಹುತೇಕ ಕಡೆ ಅಡುಗೆಮನೆಯ ಒಲೆ ಆರುತ್ತದೆ, ಮತ್ತೆ ಹಚ್ಚುವುದು ರಾತ್ರಿ ಏಳೂವರೆಗೆ. ನೀವು ಗೋಪುರ, ಚರ್ಚು ನೋಡಿ ಮುಗಿಸಿ ನಾಲ್ಕು ಗಂಟೆಗೆ ಹಸಿದು ಬಂದಾಗ ಬಿಸಿ ಊಟ ಕೊಡುವವರು ಹೆಚ್ಚಾಗಿ ಊರಿನ ದೊಡ್ಡ ಚೌಕ ಪಿಯಾಟ್ಸಾ ಮಜ್ಜೋರೆ ಸುತ್ತಲಿನ, ಚಿತ್ರಸಹಿತ ಮೆನು ಹೊರಗಿಟ್ಟವರೇ. ದುಡ್ಡು ಕೊಟ್ಟು ಸಪ್ಪೆ ಊಟ ಮಾಡಿ, ಊರನ್ನು ಬೈದುಕೊಂಡು ಬರುವವರಲ್ಲಿ ಅರ್ಧ ಜನ ಈ ನಾಲ್ಕು ಗಂಟೆಯ ಗಿರಾಕಿಗಳು ಎಂಬುದು ನನ್ನ ಗುಮಾನಿ. ಒಂದು ಗಂಟೆಗೆಲ್ಲ ಕುಳಿತುಬಿಡಿ. ಶುಕ್ರವಾರ, ಶನಿವಾರದ ರಾತ್ರಿಗೆ ಮೊದಲೇ ಮೇಜು ಕಾಯ್ದಿರಿಸಿ.

ಹೊತ್ತು ತಪ್ಪಿತೋ, ಹೋಟೆಲನ್ನೇ ಬಿಟ್ಟು ಚೌಕದ ಪಕ್ಕದ ಕ್ವಾಡ್ರಿಲಾತೆರೊ ಗಲ್ಲಿಗಳಿಗೆ ನುಗ್ಗಿ. ನನ್ನ ಮಟ್ಟಿಗೆ ಊರಿನ ಒಳ್ಳೆಯ ಊಟ ಅಲ್ಲೇ. ಅಂಗಡಿಯಲ್ಲಿ ಮೊರ್ತಾದೆಲ್ಲಾ (ಹಂದಿಮಾಂಸದ ದಪ್ಪ ಸಾಸೇಜು), ಚೀಸ್, ಬ್ರೆಡ್ ಕೊಂಡುಕೊಳ್ಳಿ. ತೂಕ ಕೇಳುವುದು 'ಎತ್ತೊ' ಲೆಕ್ಕದಲ್ಲಿ, ಅಂದರೆ 100 ಗ್ರಾಂ. ಇಬ್ಬರಿಗೆ ಪ್ರತಿಯೊಂದೂ ಒಂದೊಂದು ಎತ್ತೊ ಧಾರಾಳ. ಬೆಲೆಚೀಟಿಯಲ್ಲಿ ಕಿಲೊ ದರವೋ ಎತ್ತೊ ದರವೋ ನೋಡಿಯೇ ಕೈಹಾಕಿ, ಹತ್ತು ಪಟ್ಟಿನ ವ್ಯತ್ಯಾಸ. ಪೊಟ್ಟಣ ಹಿಡಿದು ವೀಕೊಲೊ ರನೊಕ್ಕಿ ಸಂದಿಯ ಓಸ್ತೆರಿಯಾ ದೆಲ್ ಸೊಲೆಗೆ ಹೋಗಿ. 1465ರಿಂದ ಇರುವ ಈ ಹೆಂಡದಂಗಡಿಯಲ್ಲಿ ತಿನ್ನಲು ಏನೂ ಮಾರುವುದಿಲ್ಲ. ವೈನ್ ಅವರದು, ತಿಂಡಿ ನಿಮ್ಮದು. ಮೊದಲು ಕೌಂಟರಿನಲ್ಲಿ ಲೋಟ ತೆಗೆದುಕೊಂಡು ಆಮೇಲೆ ಪೊಟ್ಟಣ ಬಿಚ್ಚುವುದು ಮರ್ಯಾದೆ. ಭಾನುವಾರ ನಂಬಿಕೊಂಡು ಹೋಗಬೇಡಿ. ಲಂಬ್ರುಸ್ಕೊ (ನೊರೆಯ ಕೆಂಪು) ಅಥವಾ ಪಿನ್ಯೊಲೆತ್ತೊ (ಬಿಳಿ) ಕೇಳಿ. ಎರಡೂ ಹುಳಿ, ಹಂದಿ ಕೊಬ್ಬಿನ ಜಿಡ್ಡನ್ನು ನಾಲಿಗೆಯಿಂದ ತೊಳೆದುಬಿಡುತ್ತವೆ.

ಇನ್ನು ನಿಮ್ಮ ಮನೆಯವರ ಊಟ. ಕಷ್ಟ, ಆದರೆ ಉಪವಾಸವೇನಿಲ್ಲ. ಹೂರಣ ತುಂಬಿದ ಪುಟ್ಟ ಪಾಸ್ತಾ ತೊರ್ತೆಲ್ಲೀನಿಯೊಳಗೆ ಹಂದಿಮಾಂಸ, ಅದು ಬರುವುದೂ ಮಾಂಸದ ಸಾರಿನಲ್ಲಿ. ಅದರ ದೊಡ್ಡಣ್ಣ ತೊರ್ತೆಲ್ಲೋನಿಯ ಹೂರಣ ರಿಕೊತ್ತಾ ಚೀಸಿನದು, ಬೆಣ್ಣೆ ಮತ್ತು ಸೇಜ್ ಎಲೆ ಹಾಕಿದ್ದನ್ನೇ ಕೇಳಿ. ಆದರೆ ಮೊಟ್ಟೆ ಇದ್ದೇ ಇರುತ್ತದೆ, ಜೊತೆಗೆ ಪಾರ್ಮಿಜಾನೊ ಚೀಸ್. ಆ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದು ಆಗದೆಂದರೆ ಮೊಟ್ಟೆಯಿಲ್ಲದ ಒಣ ಪಾಸ್ತಾಕ್ಕೆ ಬರೀ ಟೊಮೆಟೊ ಸಾಸು, 'ಸೆಂತ್ಸಾ ಪಾರ್ಮಿಜಾನೊ' (ಪಾರ್ಮಿಜಾನೊ ಬೇಡ) ಎಂದು ಒತ್ತಿ ಹೇಳಬೇಕು. ಹಿಟ್ಟಿನ ಹಾಳೆ ಕರಿದ ಕ್ರೆಶೆಂತೀನೆ ನಮ್ಮ ಪೂರಿಯಂತೆ ಉಬ್ಬಿ ಬರುತ್ತದೆ, ಮೋಸಹೋಗಬೇಡಿ: ಸಾಂಪ್ರದಾಯಿಕವಾಗಿ ಕರಿಯುವುದು ಹಂದಿ ಕೊಬ್ಬಿನಲ್ಲಿ. ಈರುಳ್ಳಿ, ಟೊಮೆಟೊ ಬೇಯಿಸಿದ ಫ್ರಿಜ್ಜೋನೆಯಲ್ಲೂ ಹಳೇ ಪದ್ಧತಿಯಲ್ಲಿ ಅದೇ ಕೊಬ್ಬು. 'ಸ್ತ್ರುತ್ತೊ' (ಆ ಹಂದಿ ಕೊಬ್ಬಿನ ಹೆಸರು) ಹಾಕಿದ್ದೀರಾ ಎಂದು ಕೇಳಿಯೇ ತಿನ್ನಲಿ.

ಕಾಫಿ ನಿಂತೇ ಕುಡಿಯಿರಿ, ಕುಳಿತರೆ ದರ ಏರುವುದುಂಟು. ಊಟದ ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗೆ ಎರಡು ಮೂರು ಯೂರೊ ಕಂಡರೆ ಜಗಳಕ್ಕಿಳಿಯಬೇಡಿ, ಅದು ಮೇಜಿನ ಶುಲ್ಕ, ಮೆನುವಿನಲ್ಲೇ ಬರೆದಿರುತ್ತದೆ. ಅದರ ಮೇಲೆ ಟಿಪ್ಸ್ ಕೊಡಲೇಬೇಕೆಂದಿಲ್ಲ.