ಇಟಾಲಿಯನ್ ಕಲಿತರೆ ಕೆಲಸ ಸಿಗುತ್ತದಾ? ಮೊದಲು ಸರಕು ಆರಿಸಿಕೊಳ್ಳಿ

ನೀವು ಕೇಳಿದ್ದು ಇಷ್ಟು: ಊರು ಮಂಜೇಶ್ವರ, ಬಿಕಾಂ ಮುಗಿದಿದೆ, ವಿದೇಶಿ ವ್ಯಾಪಾರದ ಕೆಲಸಕ್ಕಾಗಿ ಇಟಾಲಿಯನ್ ಕಲಿಯುವ ಆಸೆ ಇದೆ. ಕಲಿತರೆ ನಿಜವಾಗಿ ಕೆಲಸ ಸಿಗುತ್ತದಾ? ಜರ್ಮನ್ ಕಲಿಯುವುದು ಒಳ್ಳೆಯದಾ? ಫೋನೇ ಅನುವಾದ ಮಾಡಿಕೊಡುವಾಗ ಇಷ್ಟು ಕಷ್ಟ ಯಾಕೆ?

ನಾನೂ ಗಡಿನಾಡಿನವಳೇ. ಡೆಂಕಣಿಕೋಟೆ ಹತ್ತಿರದ ಹಳ್ಳಿ, ಮನೆಮಾತು ಕನ್ನಡ. ಹೊಸೂರಿನ ಬಳಿ ಒಂದು ಗ್ರಾನೈಟ್ ಕಾರ್ಖಾನೆಯ ಎಕ್ಸ್‌ಪೋರ್ಟ್ ಆಫೀಸಿನಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸೇರಿದಾಗ ಪ್ಯಾಕಿಂಗ್ ಲಿಸ್ಟ್ ಟೈಪ್ ಮಾಡುತ್ತಿದ್ದೆ. ಈಗ ಇಟಲಿಯ ಗಿರಾಕಿಗಳ ಜೊತೆ ಮಾತಾಡುವುದು ನಾನೇ. ನಡುವೆ ಆದದ್ದು ಈ ಭಾಷೆ.

ಮೊದಲೇ ಹೇಳಿಬಿಡುತ್ತೇನೆ. ಬರೀ ಇಟಾಲಿಯನ್ ಸರ್ಟಿಫಿಕೇಟ್ ಹಿಡಿದು ಹೋದರೆ ಕೆಲಸ ಸಿಗುವುದು ಕಷ್ಟ. ಆ ಭಾಷೆ ನಡೆಯುವುದು ಇಟಲಿ, ಪುಟ್ಟ ಸಾನ್ ಮರಿನೊ, ವ್ಯಾಟಿಕನ್, ಸ್ವಿಟ್ಜರ್‌ಲೆಂಡ್‌ನ ಟಿಚಿನೊ ಮತ್ತು ಅದರ ಪಕ್ಕದ ಸ್ವಲ್ಪ ಜಾಗದಲ್ಲಿ. ಬೆಂಗಳೂರಿನ ದೊಡ್ಡ ಕಂಪನಿ ಸೇರಬೇಕು, ಯಾವ ಕೆಲಸವಾದರೂ ಆದೀತು ಅನ್ನುವುದಾದರೆ ಜರ್ಮನ್ ಕಲಿಯಿರಿ. ಆದರೆ ಇಟಲಿಗೆ ಹೋಗುವ ಅಥವಾ ಅಲ್ಲಿಂದ ಬರುವ ಒಂದು ಸರಕು ನಿಮಗೆ ಚೆನ್ನಾಗಿ ಗೊತ್ತಿದ್ದು, ಜೊತೆಗೆ ಭಾಷೆಯೂ ಬಂದರೆ, ನಿಮ್ಮಂಥವರು ಸಿಗುವುದು ತುಂಬಾ ಅಪರೂಪ. ಇಟಲಿಯಲ್ಲಿ ವ್ಯಾಪಾರ ಮಾಡುವವರಲ್ಲಿ ಬಹಳ ಜನ ಸಣ್ಣ ಕುಟುಂಬದ ಕಂಪನಿಯವರು. ಅಪ್ಪ ಕಟ್ಟಿದ್ದು, ಮಗಳು ಲೆಕ್ಕ ನೋಡುವುದು, ಅಳಿಯ ಗೋದಾಮು ನೋಡುವುದು. ಮಗಳಿಗೆ ಇಂಗ್ಲಿಷ್ ಬರುತ್ತದೆ. ಕಲ್ಲು ಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಅಪ್ಪನಿಗೆ ಬರುವುದಿಲ್ಲ.

ಒಂದೊಂದು ಸರಕಿಗೂ ಅಲ್ಲಿ ಒಂದೊಂದು ಊರಿದೆ. ಅಮೃತಶಿಲೆಗೆ ಕರಾರಾ, ಚರ್ಮಕ್ಕೆ ಅರ್ಜಿನ್ಯಾನೊ, ಟೈಲ್ಸ್‌ಗೆ ಸಾಸ್ಸುವೊಲೊ, ಉಣ್ಣೆಗೆ ಬಿಯೆಲ್ಲಾ, ಪ್ಯಾಕಿಂಗ್ ಯಂತ್ರಗಳಿಗೆ ಬೊಲೊನ್ಯಾ. ನಮ್ಮ ಕಡೆ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ದೊಡ್ಡ ಯಂತ್ರಗಳಲ್ಲಿ ಎಷ್ಟೋ ಇಟಲಿಯಿಂದ ಬಂದವು. ಕೃಷ್ಣಗಿರಿ ಕಡೆಯ ಅಲೆಅಲೆಯಾದ ಒಂದು ಕಲ್ಲಿಗೆ ವ್ಯಾಪಾರದಲ್ಲಿ ‘ಪ್ಯಾರಡಿಸೊ’ ಅನ್ನುತ್ತಾರೆ. ಅದು ಇಟಾಲಿಯನ್ ಪದ, ಸ್ವರ್ಗ ಅಂತ ಅರ್ಥ. ಲಾರಿ ಡ್ರೈವರ್‌ಗಳೂ ಅದೇ ಹೆಸರು ಹೇಳುತ್ತಾರೆ. ಅರ್ಥ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎರಡು ವರ್ಷ ಆದ ಮೇಲೆ.

ಇನ್ನು ಫೋನಿನ ವಿಚಾರ. ನಾನು ಕಲಿಯಲು ಶುರು ಮಾಡಿದ್ದೇ ಅದರ ದೆಸೆಯಿಂದ. ಒಬ್ಬ ಗಿರಾಕಿ ಆರ್ಡರ್‌ನಲ್ಲಿ ‘ಲೆವಿಗಾತೊ’ ಅಂತ ಬರೆದಿದ್ದರು. ನಮ್ಮ ಆಫೀಸಿನಲ್ಲಿ ಫೋನಿಗೆ ಹಾಕಿ ನೋಡಿದರು, ‘ಪಾಲಿಶ್ಡ್’ ಅಂತ ಬಂತು. ಇಡೀ ಕಂಟೇನರ್‌ನ ಸ್ಲ್ಯಾಬ್‌ಗಳಿಗೆ ಕನ್ನಡಿಯಂಥ ಹೊಳಪು ಕೊಟ್ಟೆವು. ಫೋಟೊ ಕಳಿಸಿದ ತಕ್ಷಣ ಆ ಕಡೆಯಿಂದ ಫೋನು. ಕಲ್ಲಿನ ವ್ಯಾಪಾರದಲ್ಲಿ ಹೊಳೆಯುವ ಪಾಲಿಶ್‌ಗೆ ‘ಲೂಚಿದೊ’ ಅನ್ನುತ್ತಾರೆ. ‘ಲೆವಿಗಾತೊ’ ಅಂದರೆ ನುಣುಪಾಗಿ ಉಜ್ಜಿ ಹೊಳಪು ಬರುವ ಮೊದಲೇ ನಿಲ್ಲಿಸುವುದು, ನಾವು ಹೋನಿಂಗ್ ಅನ್ನುತ್ತೇವಲ್ಲ, ಅದು. ಮತ್ತೆ ಎಲ್ಲವನ್ನೂ ಯಂತ್ರಕ್ಕೆ ಹಾಕಿ ಹೊಳಪು ತೆಗೆಯಲು 9 ದಿನ ಬೇಕಾಯಿತು. ಹಡಗು ತಪ್ಪಿತು. ಪಾಲಿಶ್ ಲೈನಿನಲ್ಲಿ ರಾತ್ರಿ ಪಾಳಿ ಮಾಡಿದವರ ಮುಖ ನನಗೆ ಇನ್ನೂ ನೆನಪಿದೆ. ಫೋನು ಹೇಳಿದ್ದು ನಿಘಂಟಿನ ಪ್ರಕಾರ ಪೂರ್ತಿ ತಪ್ಪಲ್ಲ, ಆದರೆ ಕಲ್ಲಿನವರ ಮಾತು ಅದಕ್ಕೆ ಗೊತ್ತಿರಲಿಲ್ಲ. ಅವತ್ತು ಸಂಜೆಯೇ ನೋಟ್‌ಬುಕ್ ತಗೊಂಡೆ. ಲಾಸ್ತ್ರಾ ಅಂದರೆ ಸ್ಲ್ಯಾಬ್, ಸ್ಪೆಸ್ಸೋರೆ ಅಂದರೆ ದಪ್ಪ, ವೇನಾ ಅಂದರೆ ಕಲ್ಲಿನೊಳಗಿನ ಗೆರೆ, ಕ್ರೇಪಾ ಅಂದರೆ ಬಿರುಕು. ಕೊನೆಯ ಎರಡರ ನಡುವೆ ಎಷ್ಟು ದುಡ್ಡಿನ ವ್ಯತ್ಯಾಸ ಇದೆ ಅನ್ನುವುದು ಕಲ್ಲಿನವರಿಗೇ ಗೊತ್ತು.

ಕನ್ನಡದವರಿಗೆ ಈ ಭಾಷೆ ಬಾಯಿಗೆ ಬೇಗ ಹತ್ತುತ್ತದೆ. ಇದನ್ನು ನಾನು ಸುಮ್ನೆ ಧೈರ್ಯ ಹೇಳಲು ಬರೆಯುತ್ತಿಲ್ಲ. ನಮ್ಮ ಹಾಗೆಯೇ ಅವರ ಪದಗಳೂ ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಅವರ ‘ತ’, ‘ದ’ ನಮ್ಮ ತ, ದ ಥರವೇ. ಇಂಗ್ಲಿಷ್ ನೆನಪಲ್ಲಿ ಟ, ಡ ಮಾಡಬೇಡಿ, ಅಷ್ಟೇ. ಒತ್ತಕ್ಷರವಂತೂ ನಮಗೆ ಹುಟ್ಟಿನಿಂದ ಬಂದದ್ದು. ಮಗ, ಮಗ್ಗ ಬೇರೆಬೇರೆ ಅಲ್ವಾ? ಅಲ್ಲಿಯೂ ‘ನೋನೊ’ ಅಂದರೆ ಒಂಬತ್ತನೆಯದು, ‘ನೊನ್ನೊ’ ಅಂದರೆ ಅಜ್ಜ. ವರ್ಷಕ್ಕೆ ‘ಅನ್ನೊ’ ಅನ್ನುತ್ತಾರೆ. ಅಲ್ಲಿ ಒತ್ತು ಬಿಟ್ಟರೆ ನಾಲ್ಕು ಜನರ ಮುಂದೆ ಹೇಳಬಾರದ ಮಾತಾಗುತ್ತದೆ, ಜೋಪಾನ. ನಾವು ‘ನಾನು’ ಬಿಟ್ಟು ‘ಬರುತ್ತೇನೆ’ ಅಂತಷ್ಟೇ ಹೇಳುತ್ತೇವೆ. ಅವರೂ ಹಾಗೆಯೇ, ಯಾರು ಅನ್ನುವುದು ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ.

ನೀನು, ನೀವು ಕೂಡ ಇದೆ. ಹತ್ತಿರದವರಿಗೆ ‘ತು’, ಗೌರವಕ್ಕೆ ‘ಲೇಯಿ’. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಎಡವುತ್ತಾರೆ, ನಾವು ಎಡವಬಾರದು. ಮೊದಲ ಮೇಲ್‌ನಲ್ಲೇ ‘ತು’ ಬೇಡ. ನಾವು ಮೇಷ್ಟ್ರೇ, ಡಾಕ್ಟ್ರೇ ಅನ್ನುವ ಹಾಗೆ ಅವರೂ ಕೆಲಸದ ಹೆಸರಿಟ್ಟು ಕರೆಯುತ್ತಾರೆ. ಲೆಕ್ಕಿಗರಿಗೆ ‘ರಾಜೊನಿಯೇರೆ’, ಎಂಜಿನಿಯರ್‌ಗೆ ‘ಇಂಜೆನ್ಯೇರೆ’. ಒಬ್ಬ ಹಿರಿಯ ಲೆಕ್ಕಿಗರು ನನ್ನ ಮೇಲ್‌ಗಳಿಗೆ ತಿಂಗಳುಗಟ್ಟಲೆ ಒಂದೇ ಸಾಲಿನ ಉತ್ತರ ಬರೆಯುತ್ತಿದ್ದರು. ಹಾಗೆ ಸಂಬೋಧಿಸಿ ಬರೆದ ದಿನದಿಂದ ಉತ್ತರ ಉದ್ದವಾಯಿತು, ಬಾಕಿ ಹಣವೂ ಹೊತ್ತಿಗೆ ಬರತೊಡಗಿತು.

ಕಷ್ಟ ಇರುವುದು ಲಿಂಗದಲ್ಲಿ. ನಮಗೆ ಕಲ್ಲೂ ‘ಅದು’, ಮೇಜೂ ‘ಅದು’. ಅವರಿಗೆ ಗ್ರಾನೀತೊ ಗಂಡು, ಲಾಸ್ತ್ರಾ ಹೆಣ್ಣು. ಹಾಗಾಗಿ ‘ಗ್ರಾನೀತೊ ಲೂಚಿದೊ’, ಆದರೆ ‘ಲಾಸ್ತ್ರಾ ಲೂಚಿದಾ’. ನೀವು ಕೇರಳದ ಶಾಲೆಯಲ್ಲಿ ಹಿಂದಿ ಓದಿರುತ್ತೀರಿ, ಅದು ಸಹಾಯಕ್ಕೆ ಬರುತ್ತದೆ. ನಾನು ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿದವಳು, ನನಗೆ ಅದೂ ಇರಲಿಲ್ಲ. ಸ್ಲ್ಯಾಬ್‌ಗಳ ಮುಂದೆ ನಿಂತು ಜೋರಾಗಿ ಹೇಳಿ ಹೇಳಿ ಬಾಯಿಪಾಠ ಮಾಡಿದೆ.

ಪುಸ್ತಕದಲ್ಲಿ ಸಿಗದ ಎರಡು ಸಂಗತಿ ಹೇಳಬೇಕು. ಅವರು ಚುಕ್ಕಿ ಮತ್ತು ಅಲ್ಪವಿರಾಮವನ್ನು ನಮಗೆ ಉಲ್ಟಾ ಬಳಸುತ್ತಾರೆ. ಅಳತೆ ಪಟ್ಟಿಯಲ್ಲಿ 2,85 ಅಂದರೆ 2 ಮೀಟರ್ 85 ಸೆಂಟಿಮೀಟರ್. ಬಿಲ್ಲಿನಲ್ಲಿ 1.250 ಅಂದರೆ ಸಾವಿರದ ಇನ್ನೂರೈವತ್ತು. ಬಿಕಾಂ ಓದಿದವರು ಇದನ್ನು ಮೊದಲ ದಿನವೇ ಮನಸ್ಸಿನಲ್ಲಿಟ್ಟುಕೊಳ್ಳಿ. ಎರಡನೆಯದು ಆಗಸ್ಟ್. ನಮ್ಮ ಸ್ವಾತಂತ್ರ್ಯ ದಿನದಂದೇ ಅವರಿಗೆ ‘ಫೆರ್ರಾಗೊಸ್ತೊ’ ರಜೆ. ಅದರ ಹಿಂದೆ ಮುಂದೆ ವಾರಗಟ್ಟಲೆ ಕಾರ್ಖಾನೆಗಳು ಮುಚ್ಚಿರುತ್ತವೆ. ಹಣ ಕೇಳುವುದಿದ್ದರೆ ಜುಲೈನಲ್ಲೇ ಕೇಳಿ.

ಸಮಯ ಎಷ್ಟು ಬೇಕು? ದಿನಕ್ಕೆ ಒಂದು ಗಂಟೆಯಂತೆ ಕೂತು, ಎ1 ಅಂದರೆ ಆರಂಭದ ಮಟ್ಟಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಬಿ1 ಅಂದರೆ ನಡುವಿನ ಮಟ್ಟಕ್ಕೆ ಎರಡು ವರ್ಷ. ಫೋನಿನಲ್ಲಿ ನಿಜವಾದ ವ್ಯವಹಾರ ಮಾತಾಡಲು ಬಿ1 ಬೇಕು. ಸರ್ಟಿಫಿಕೇಟ್ ಬೇಕಿದ್ದರೆ ಸಿಯೆನಾದ ವಿದೇಶಿಯರ ವಿಶ್ವವಿದ್ಯಾಲಯದ ಚಿಲ್ಸ್, ಪೆರೂಜಾದ ಅಂಥದೇ ವಿಶ್ವವಿದ್ಯಾಲಯದ ಚೆಲಿ, ದಾಂತೆ ಅಲಿಗಿಯೆರಿ ಸೊಸೈಟಿಯ ಪ್ಲಿದಾ, ಈ ಪರೀಕ್ಷೆಗಳಿಗೆ ಎಲ್ಲ ಕಡೆ ಬೆಲೆ ಇದೆ. ಆನ್‌ಲೈನ್ ಕ್ಲಾಸ್ ಸಾಕು, ಆದರೆ ಮಾತಾಡಿಸುವ ಟೀಚರ್ ಇರಲಿ. ಇಟಲಿಯ ಸರ್ಕಾರಿ ರೇಡಿಯೊ ರಾಯಿ, ಫೋನಿನಲ್ಲೇ ಕೇಳಬಹುದು. ನಾನು ಕಂಪನಿ ಬಸ್ಸಿನಲ್ಲಿ ಕೇಳುತ್ತಾ ಹೋಗುತ್ತಿದ್ದೆ. ಮೊದಲ ಆರು ತಿಂಗಳು ಬರೀ ಶಬ್ದ ಕೇಳಿಸಿತು, ಆಮೇಲೆ ಪದಗಳು ಬಿಡಿಬಿಡಿಯಾಗಿ ಕೇಳಿಸತೊಡಗಿದವು.

ಈಗ ನಿಮ್ಮ ಸರಕು. ಮಂಜೇಶ್ವರದಲ್ಲಿ ಕೂತವರಿಗೆ ನಾನು ಕಲ್ಲು ಹೇಳುವುದಿಲ್ಲ, ಕಾಫಿ ಹೇಳುತ್ತೇನೆ. ನಮ್ಮ ದೇಶದ ಕಾಫಿಯನ್ನು ಬಹಳ ವರ್ಷಗಳಿಂದ ಎಲ್ಲರಿಗಿಂತ ಜಾಸ್ತಿ ಕೊಳ್ಳುತ್ತಿರುವುದು ಇಟಲಿ. ಎಸ್ಪ್ರೆಸೊ ಮೇಲೆ ದಪ್ಪ ನೊರೆ ಬರಲು ಅವರಿಗೆ ರೊಬಸ್ಟಾ ಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ಹಡಗು ಹತ್ತುವ ಪಣಂಬೂರಿನ ಬಂದರು ನಿಮಗೆ ಬಸ್ಸಿನ ದಾರಿ. ಆ ಕಡೆ ಇಳಿಯುವ ಊರುಗಳಲ್ಲಿ ತ್ರಿಯೆಸ್ತೆ ದೊಡ್ಡ ಕಾಫಿ ಬಂದರು. ಮೊದಲು ಕಾಫಿ ರಫ್ತು ಮಾಡುವ ಕಡೆ ಅಥವಾ ಶಿಪ್ಪಿಂಗ್ ಏಜೆಂಟರ ಆಫೀಸಿನಲ್ಲಿ ಸಣ್ಣ ಕೆಲಸಕ್ಕಾದರೂ ಸೇರಿ. ಗ್ರೇಡ್, ತೇವಾಂಶ, ಸ್ಯಾಂಪಲ್, ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಹತ್ತಿದ್ದಕ್ಕೆ ಕೊಡುವ ರಸೀದಿ) ಕೈಯಲ್ಲಿ ಹಿಡಿದು ನೋಡಿ. ಜೊತೆಗೇ ಎ1 ಶುರು ಮಾಡಿ. ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆ ಪೇಟೆಯಲ್ಲಿ ಮಲಯಾಳ ಅಂತ ಬೆಳೆದವರಿಗೆ ಇನ್ನೊಂದು ಭಾಷೆಗೆ ಅಂಜಿಕೆ ಬೇಡ.

ಕಾಫಿ ಕಡೆ ಹೋಗುವುದು ಖಚಿತವಾದರೆ ಇಲ್ಲೇ ಒಂದು ಮಾತು ಬರೆಯಿರಿ. ಬಿಲ್ಲಿಗೆ ಫತ್ತೂರಾ, ಬ್ಯಾಂಕಿನ ಪಾವತಿಗೆ ಬೊನೀಫಿಕೊ, ಸ್ಯಾಂಪಲ್‌ಗೆ ಕಾಂಪಿಯೋನೆ, ಇಂಥವು ಕಲ್ಲಿಗೂ ಕಾಫಿಗೂ ಒಂದೇ. ನನ್ನ ನೋಟ್‌ಬುಕ್‌ನ ಆ ಪುಟಗಳನ್ನು ಟೈಪ್ ಮಾಡಿ ಈ ಉತ್ತರದ ಕೆಳಗೆ ಹಾಕುತ್ತೇನೆ.