ಕಾರವಾರದಿಂದ ಮಂಗಳೂರು: ಕರಾವಳಿ ಪಯಣದ ಕೊನೆಯ ದಿನ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಲಿಬಾಗ್‌ನಿಂದ ಕಡಲಂಚಿನ ದಾರಿ ಹಿಡಿದು 350 ಸಿಸಿ ಬೈಕಿನಲ್ಲಿ ಇಬ್ಬರು ಮಂಗಳೂರಿಗೆ ಬರುವವರಿದ್ದೇವೆ. ಹೋದ ಸಲ ಕಾರವಾರ ಮುಟ್ಟುವಷ್ಟರಲ್ಲಿ ಚೈನು ಸಡಿಲವಾಗಿ ಸದ್ದು ಮಾಡುತ್ತಿತ್ತು. ಉಳಿದ 270 ಕಿ.ಮೀ. ಹಾಗೆಯೇ ಓಡಿಸಬಹುದೇ?
(ದಾವಣಗೆರೆಯ ಓದುಗರು)

ಓಡಿಸಬೇಡಿ. ಕೊಂಕಣದ ಒಳದಾರಿಯಲ್ಲಿ ದಿಘಿ, ದಾಭೋಳ, ಜಯಗಡಗಳಲ್ಲಿ ಬೈಕನ್ನು ಫೆರ್ರಿಗೆ ಹತ್ತಿಸಿ ಖಾರಿ ದಾಟುತ್ತೀರಿ, ನಡುವೆ ಬೀಚಿಗೂ ಇಳಿಯುತ್ತೀರಿ. ಉಪ್ಪುನೀರು ಚೈನಿನ ಎಣ್ಣೆ ತೊಳೆದುಹಾಕುತ್ತದೆ, ಮರಳು ಅದನ್ನು ಅರೆಯುತ್ತದೆ. ಸಡಿಲ ಚೈನು ಸ್ಪ್ರಾಕೆಟ್ಟಿನಿಂದ (ಚೈನು ಕೂರುವ ಹಲ್ಲಿನ ಚಕ್ರ) ಕಳಚಿ ಹಿಂಚಕ್ರಕ್ಕೆ ಸಿಕ್ಕಿದರೆ ಚಕ್ರವೇ ಲಾಕ್ ಆಗುತ್ತದೆ.

ಕಾರವಾರ ತಲುಪಿದ ಸಂಜೆಯೇ, ಚೈನು ಬೆಚ್ಚಗಿರುವಾಗ, ಕೆಲಸ ಮುಗಿಸಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಓಡಿಸಿಕೊಂಡು ಚೈನು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಸೀಮೆಎಣ್ಣೆ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಪೆಟ್ರೋಲ್ ಬೇಡ, ಅದು ಚೈನಿನ ಕೊಂಡಿಗಳಲ್ಲಿರುವ ಓ-ರಿಂಗ್ ಎಂಬ ರಬ್ಬರ್ ಬಳೆಗಳನ್ನು ಕೆಡಿಸುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಕೆಳಗಿನ ಸಾಲಿನ ಒಳಮೈಗೆ ಚೈನ್ ಸ್ಪ್ರೇ ಬಿಡಿ. ಅದು ಇಲ್ಲದಿದ್ದರೆ 90 ನಂಬರಿನ ಗೇರ್ ಆಯಿಲ್ ಆದೀತು, ಆದರೆ ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ, ಇಲ್ಲವಾದರೆ ಟಯರಿಗೆ ಸಿಡಿಯುತ್ತದೆ. ರಾತ್ರಿಯಿಡೀ ನಿಂತರೆ ಎಣ್ಣೆ ಒಳಗಿಳಿಯುತ್ತದೆ.

ಬಿಗಿ ನೋಡುವುದು ಬೆಳಿಗ್ಗೆ. ಕೆಳಗಿನ ಸಾಲಿನ ನಡುಮಧ್ಯೆ ಚೈನನ್ನು ಮೇಲೆ ಕೆಳಗೆ ಆಡಿಸಿ: ಈ ವರ್ಗದ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟವಿರಬೇಕು. ನಿಮ್ಮ ಬೈಕಿನ ಅಳತೆ ಮ್ಯಾನ್ಯುಯಲ್‌ನಲ್ಲಿದೆ, ಅದೇ ಅಂತಿಮ. ಹಳೆಯ ಚೈನು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಚಕ್ರ ತಿರುಗಿಸುತ್ತ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲೇ ಅಳೆಯಿರಿ. ಹಿಂಚಕ್ರದ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರುಗಳನ್ನು ಸಮನಾಗಿ ತಿರುಗಿಸಿ, ಗುರುತುಗಳನ್ನು ಹೋಲಿಸಿ, ನಟ್ ಗಟ್ಟಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ನಟ್ ಬಿಗಿಯುವಾಗ ಅಳತೆ ಸರಿದಿರುತ್ತದೆ. ಹಿಂದಿನ ಬ್ರೇಕ್ ಡ್ರಮ್ ಆಗಿದ್ದರೆ ಪೆಡಲಿನ ಆಟವನ್ನೂ ನೋಡಿ. ಕೊನೆಯ ದಿನವಲ್ಲವೇ ಎಂದು ಅತಿ ಬಿಗಿ ಮಾಡುವುದು ಇನ್ನೂ ಕೆಟ್ಟದ್ದು. ಇಬ್ಬರು ಕೂತು ಸಸ್ಪೆನ್ಶನ್ ತಗ್ಗಿದಾಗ ಚೈನು ಮತ್ತಷ್ಟು ಎಳೆದುಕೊಂಡು ಗೇರ್‌ಬಾಕ್ಸಿನ ಬೇರಿಂಗಿಗೆ ಹೊಡೆತ ಬೀಳುತ್ತದೆ.

ಹಿಂದಿನ ಸ್ಪ್ರಾಕೆಟ್ಟಿನ ತುದಿಯಲ್ಲಿ ಚೈನನ್ನು ಹಿಂದಕ್ಕೆ ಎಳೆದಾಗ ಅರ್ಧ ಹಲ್ಲಿಗಿಂತ ಹೆಚ್ಚು ಕಂಡರೆ ಅದಕ್ಕೆ ಹೊಂದಿಸುವ ಕೆಲಸ ಸಾಲದು. ಕಾರವಾರದಲ್ಲೇ ಚೈನ್-ಸ್ಪ್ರಾಕೆಟ್ ಸೆಟ್ ಬದಲಿಸಿ.

ಪ್ರಶ್ನೆ: ಸಮುದ್ರದ ಪಕ್ಕದ ಹೋಂಸ್ಟೇಯಲ್ಲಿ ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಹಿಂದಿನ ಚಕ್ರ ಹಿಡಿದುಕೊಂಡು ಅಲುಗಾಡುವುದಿಲ್ಲ. ಏನು ಮಾಡಬೇಕು?
(ತುಮಕೂರಿನ ಓದುಗರು)

ಒದ್ದೆ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟರೆ ಬ್ರೇಕ್ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಭಾಗ) ತುಕ್ಕಿನಿಂದ ಡ್ರಮ್ಮಿಗೆ ಅಂಟುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟು, ಮೊದಲ ಗೇರ್ ಮತ್ತು ರಿವರ್ಸ್‌ನಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ‘ಟಪ್’ ಎಂದು ಬಿಡುತ್ತದೆ. ಬಿಡದಿದ್ದರೆ ಎಂಜಿನ್ ರೇಸ್ ಮಾಡಬೇಡಿ, ಶೂವಿನ ಲೈನಿಂಗ್ ಕಿತ್ತು ಬರುತ್ತದೆ. ಮೆಕ್ಯಾನಿಕ್ ಚಕ್ರ ಬಿಚ್ಚಿ ಡ್ರಮ್ಮಿಗೆ ಸುತ್ತಲೂ ಮೆಲ್ಲಗೆ ತಟ್ಟಿ ಬಿಡಿಸುತ್ತಾರೆ. ಮುಂದೆ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಡಿಸ್ಕಿನ ಮೇಲಿನ ಕೆಂಪು ಪದರಕ್ಕೆ ಹೆದರಬೇಕಿಲ್ಲ, ನಾಲ್ಕಾರು ಬ್ರೇಕಿಗೆ ಹೋಗುತ್ತದೆ.

ಪ್ರಶ್ನೆ: ದಕ್ಷಿಣ ಗೋವಾದ ಕಾಣಕೋಣದಿಂದ ಕಾರಿನಲ್ಲಿ ಬೆಳಿಗ್ಗೆ ಹೊರಟು ಅದೇ ದಿನ ಮಂಗಳೂರು ಸೇರುವ ಆಸೆ. ದಾರಿಯಲ್ಲಿ ಎಲ್ಲಿ ಎಚ್ಚರ ಬೇಕು?
(ಪುಣೆಯ ಕನ್ನಡ ಓದುಗರು)

ಏಳಕ್ಕೆ ಹೊರಟರೆ ಊಟ, ವಿಶ್ರಾಂತಿ ಸೇರಿ ಕತ್ತಲಾಗುವ ಮೊದಲೇ ತಲುಪುತ್ತೀರಿ. ಗೋಕರ್ಣ, ಮುರ್ಡೇಶ್ವರ ಎರಡನ್ನೂ ಅದೇ ದಿನಕ್ಕೆ ತುರುಕಬೇಡಿ. ಕುಂದಾಪುರದಾಚೆಯ ಕತ್ತಲು ಅಲ್ಲಿ ಕಳೆದ ಸಮಯದ ಬೆಲೆ. ಗೋವಾದಲ್ಲಿ ಪೆಟ್ರೋಲ್ ಸಾಮಾನ್ಯವಾಗಿ ಅಗ್ಗ, ಪೊಳೆಂ ಗಡಿಗೆ ಮುನ್ನ ತುಂಬಿಸಿಕೊಳ್ಳಿ. ಮಾಜಾಳಿಯಲ್ಲಿ ತಪಾಸಣೆಗೆ ಸ್ವಲ್ಪ ಹೊತ್ತು ಹೋಗಬಹುದು.

ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳನ್ನು ಪಕ್ಕದ ಹೊಸ ಸೇತುವೆಗೆ ತಿರುಗಿಸಲಾಯಿತು. ಅಲ್ಲಿ ಓವರ್‌ಟೇಕ್ ಬೇಡ. ಹಟ್ಟಿಕೇರಿ, ಹೊಳೆಗದ್ದೆ, ಶಿರೂರು, ಗುಂಡ್ಮಿ, ಹೆಜಮಾಡಿಗಳಲ್ಲಿ ಟೋಲ್ ಇದೆ. ಸುರತ್ಕಲ್ಲಿನದು 2022ರ ಡಿಸೆಂಬರಿನಲ್ಲೇ ನಿಂತಿತು. ಬೈಕಿಗೆ ಟೋಲ್ ಇಲ್ಲ.

ನಿಜವಾದ ಅಪಾಯ ಚತುಷ್ಪಥ ಚೆನ್ನಾಗಿರುವಲ್ಲೇ. ಯೂಟರ್ನ್ ದೂರವೆಂದು ಸ್ಕೂಟರುಗಳು ಬಲ ಲೇನಿನ ಅಂಚಿನಲ್ಲಿ ಎದುರಿಗೇ ಬರುತ್ತವೆ, ಡಿವೈಡರ್ ತೆರವಿನಲ್ಲಿ ಲಾರಿಗಳು ಅಡ್ಡ ತಿರುಗುತ್ತವೆ. ವೇಗ 80 ದಾಟಿಸದೆ ಎಡ ಲೇನಿನಲ್ಲೇ ಬನ್ನಿ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ನೋಡಲೇಬೇಕಾದ ಜಾಗ, ಆದರೆ ಕಾರನ್ನು ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ಬಾಗಿಲು ತೆರೆಯಬೇಡಿ. ಪೂರ್ತಿ ಕೆಳಗಿಳಿಸಿ ನಿಲ್ಲಿಸಿ.

ಮಳೆಗಾಲವಾದರೆ ಅಂಕೋಲಾ–ಕುಮಟಾ ನಡುವಿನ ಗುಡ್ಡ ಕಡಿದ ಜಾಗಗಳಲ್ಲಿ ಚಹಾಕ್ಕೂ ನಿಲ್ಲಬೇಡಿ. 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಗಳು ಹೋದದ್ದು ಈ ಭಾಗದ ಶಿರೂರಿನಲ್ಲಿ. ಟೋಲ್ ಇರುವ ಬೈಂದೂರು ಬಳಿಯ ಶಿರೂರು ಬೇರೆ. ‘ಶಿರೂರಿನಲ್ಲಿ ರಸ್ತೆ ಬಂದ್’ ಎಂಬ ಸುದ್ದಿ ಬಂದರೆ ಯಾವ ಶಿರೂರು ಎಂದು ಮೊದಲು ಕೇಳಿ. ಅಂಕೋಲಾದ್ದಾದರೆ ಯಲ್ಲಾಪುರ, ಶಿರಸಿ ಮೇಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವ ಸುತ್ತುದಾರಿ ಇದೆ. ಆ ಘಟ್ಟವೂ ತೆರೆದಿದೆಯೇ ಎಂದು ತಿಳಿದುಕೊಂಡೇ ಹತ್ತಿ.

ಪ್ರಶ್ನೆ: ಬಿಸಿಲಿಗೆ ಟಯರಿನ ಗಾಳಿ ಏರುತ್ತದೆ. ಮಧ್ಯಾಹ್ನ ಸ್ವಲ್ಪ ಬಿಡಬೇಕೇ?
(ಹಾಸನದ ಓದುಗರು)

ಬೇಡ. ಓಡಿದ ಟಯರಿನಲ್ಲಿ ಒತ್ತಡ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುವುದು ಸಹಜ. ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗಿ, ಪಕ್ಕದ ಗೋಡೆ ಹೆಚ್ಚು ಮಡಚಿ ಇನ್ನಷ್ಟು ಕಾಯುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಅಳೆದು, ಲಗೇಜ್ ತುಂಬಿದ್ದರೆ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿರುವ ಪೂರ್ಣ ಭಾರದ ಅಂಕಿಗೆ ತುಂಬಿಸಿ. ಮನೆ ಸೇರಿದ ಮರುದಿನ ಕಾರಿನ ತಳಭಾಗ, ಚಕ್ರಕಮಾನಿನ ಒಳಗನ್ನು ಸಿಹಿನೀರಿನಿಂದ ತೊಳೆಸಿ, ತೊಳೆದ ಕೂಡಲೇ ನಿಲ್ಲಿಸದೆ ಎರಡು ಮೂರು ಕಿ.ಮೀ. ಓಡಿಸಿ ಬ್ರೇಕ್ ಒಣಗಿಸಿ.